ಮಳೆಗಾಲದಲ್ಲಿ ಮನೆಗೆ ಬಂದ ನಾಯಿಮರಿ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ಜೂನ್ ಮೊದಲ ವಾರದಲ್ಲಿ ನಮ್ಮ ಮನೆಗೆ ಎರಡು ತಿಂಗಳ ಲ್ಯಾಬ್ರಡಾರ್ ಹೆಣ್ಣುಮರಿ ಬಂದಿದೆ. ನಮ್ಮದು ಹಳೆಯ ಹಂಚಿನ ಮನೆ. ಚಾವಡಿಗೂ ಒಳಕೋಣೆಗಳಿಗೂ ರೆಡ್ ಆಕ್ಸೈಡ್ ನೆಲವಿದೆ. ಅಂಗಳಕ್ಕೆ ಕರೆದೊಯ್ದರೆ ಮರಿ ಮಳೆಗೆ ಹೆದರಿ ಏನನ್ನೂ ಮಾಡದೆ ನಿಲ್ಲುತ್ತದೆ. ಒಳಗೆ ಬಂದ ಕೂಡಲೇ ಚಾವಡಿಯಲ್ಲಿ, ಕೆಲವೊಮ್ಮೆ ದೇವರ ಕೋಣೆಯ ಹೊಸ್ತಿಲ ಬಳಿಯೇ ಮೂತ್ರ ಮಾಡುತ್ತದೆ. ಅತ್ತೆಯವರು ಬಹಳ ನೊಂದುಕೊಂಡಿದ್ದಾರೆ, ಮರಿಯನ್ನು ಹೊರಗೆ ಕಟ್ಟಿಬಿಡಿ ಎನ್ನುತ್ತಿದ್ದಾರೆ. ಮೂತ್ರ ಮಾಡಿದ ಜಾಗಕ್ಕೆ ಮೂಗು ಉಜ್ಜಿದರೆ ಬುದ್ಧಿ ಬರುತ್ತದೆ ಎಂದು ನೆರೆಮನೆಯವರ ಸಲಹೆ. ಫಿನೈಲ್ ಹಾಕಿ ಒರೆಸಿದರೂ ಮರಿ ಮತ್ತೆ ಅದೇ ಜಾಗಕ್ಕೆ ಹೋಗುತ್ತದೆ. ದಾರಿ ತೋರಿಸಬೇಕು.
— ಓದುಗರು, ಬ್ರಹ್ಮಾವರ

ಉತ್ತರ: ಮೂಗು ಉಜ್ಜುವ ವಿಚಾರವನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೇ ಪಾಠ ನಡೆಯುತ್ತಿದೆ, ಮತ್ತು ನಾನು ಕಂಡ ಮಟ್ಟಿಗೆ ಇದರಷ್ಟು ಕೆಲಸ ಕೆಡಿಸುವ ಪಾಠ ಇನ್ನೊಂದಿಲ್ಲ. ಮೂತ್ರ ಮಾಡಿ ಐದು ನಿಮಿಷ ಕಳೆದ ಮೇಲೆ ಮರಿಯನ್ನು ಎಳೆತಂದು ಗದರಿದರೆ, ಆ ಗದರಿಕೆಗೂ ತಾನು ಆಗ ಮಾಡಿದ್ದಕ್ಕೂ ಇರುವ ಸಂಬಂಧ ಅದಕ್ಕೆ ತಿಳಿಯುವುದಿಲ್ಲ. ಅದಕ್ಕೆ ಮನದಟ್ಟಾಗುವುದು ಇಷ್ಟೇ: ನೆಲದ ಮೇಲೆ ಮೂತ್ರವಿದ್ದು ಮನೆಯವರೂ ಹತ್ತಿರವಿದ್ದರೆ ತನಗೆ ಅಪಾಯ. ಆಮೇಲೆ ಅದು ನಿಮ್ಮ ಕಣ್ಣೆದುರು ಮೂತ್ರ ಮಾಡುವುದನ್ನೇ ಬಿಟ್ಟು ಮಂಚದಡಿಯನ್ನೋ ಪತ್ತಾಯದ ಸಂದಿಯನ್ನೋ ಹುಡುಕಿಕೊಳ್ಳುತ್ತದೆ. ಅಂಗಳದಲ್ಲಿ ನೀವು ಪಕ್ಕದಲ್ಲಿ ನಿಂತಿದ್ದರೆ ಎಷ್ಟು ಹೊತ್ತಾದರೂ ಕೂರುವುದಿಲ್ಲ. ತಲೆ ತಗ್ಗಿಸಿ, ಕಿವಿಗಳನ್ನು ಹಿಂದಕ್ಕೆ ಮಡಚಿ ನಿಂತ ಮರಿಯನ್ನು ನೋಡಿ ಅದಕ್ಕೆ ತಪ್ಪಿನ ಅರಿವಾಗಿದೆ ಎಂದು ನಾವು ತಿಳಿಯುತ್ತೇವೆ. ಅಲ್ಲಿರುವುದು ನಿಮ್ಮ ದನಿಗೆ ಮತ್ತು ನೀವು ನಿಂತ ಭಂಗಿಗೆ ಹುಟ್ಟಿದ ಹೆದರಿಕೆ ಮಾತ್ರ.

ಎರಡು ತಿಂಗಳ ಮರಿಗೆ ಮೂತ್ರಕೋಶದ ಮೇಲೆ ಪೂರ್ಣ ಹಿಡಿತ ಬಂದಿರುವುದೇ ಇಲ್ಲ. ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಎಷ್ಟಾಗುತ್ತದೋ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬುದು ಸ್ಥೂಲವಾದ ಲೆಕ್ಕ. ಆ ಪ್ರಕಾರ ನಿಮ್ಮ ಮರಿಗೆ ಮೂರು ಗಂಟೆ. ಆದರೆ ಅದು ಸುಮ್ಮನೆ ಮಲಗಿರುವಾಗಿನ ಮಿತಿ. ಎಚ್ಚರವಿದ್ದು ಓಡಾಡುತ್ತಿರುವ ಮರಿಗೆ ಒಂದು ಗಂಟೆ ತಡೆಯುವುದೂ ಕಷ್ಟ. ಹಾಗಾಗಿ ಅದು ಹೇಳಲಿ ಎಂದು ಕಾಯದೆ ನೀವೇ ಹೊತ್ತು ನೋಡಿ ಕರೆದೊಯ್ಯಬೇಕು: ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಐದರಿಂದ ಮೂವತ್ತು ನಿಮಿಷಗಳ ಒಳಗೆ, ಆಟ ನಿಂತ ತಕ್ಷಣ, ರಾತ್ರಿ ಮಲಗುವ ಮುನ್ನ, ಮತ್ತು ಈ ವಯಸ್ಸಿನಲ್ಲಿ ನಡುರಾತ್ರಿ ಒಮ್ಮೆ. ಹಗಲಿನಲ್ಲಿ ಇವುಗಳ ನಡುವೆಯೂ ಗಂಟೆಗೊಮ್ಮೆ ಹೊರಗೆ ಹೋಗಿಬರಬೇಕು. ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟ ಬಿಟ್ಟು ಮೂಗನ್ನು ನೆಲಕ್ಕಿಟ್ಟು ಮೂಸುತ್ತ ಸುತ್ತತೊಡಗಿದರೆ ನಿಮಗೆ ಉಳಿದಿರುವುದು ಕೆಲವೇ ಸೆಕೆಂಡುಗಳು; ಕೂಗಾಡದೆ ಎತ್ತಿಕೊಂಡು ಹೊರಡಿ.

ಇನ್ನು ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಒಣಭೂಮಿಯ ಊರುಗಳಿಗಾಗಿ ಬರೆದ ಸಲಹೆಗಳು ಇಲ್ಲಿ ಸೋಲುವುದು ಈ ಕಾರಣಕ್ಕೇ. ಹಂಚಿನಿಂದ ಧೋ ಎಂದು ಸುರಿಯುವ ನೀರಿನ ಸದ್ದು, ಹೊಟ್ಟೆಗೆ ತಾಗುವ ತಣ್ಣನೆಯ ಕೆಸರು, ಪಾಚಿ ಹಿಡಿದು ಜಾರುವ ಅಂಗಳ: ಇವುಗಳ ನಡುವೆ ಅಷ್ಟು ಚಿಕ್ಕ ಪ್ರಾಣಿ ನಿರಾಳವಾಗಿ ಕೂತು ಮೂತ್ರ ಮಾಡಬೇಕೆಂದು ಬಯಸುವುದು ನ್ಯಾಯವಲ್ಲ. ಅದಕ್ಕೊಂದು ಒಣ ಜಾಗ ಮಾಡಿಕೊಡಿ. ಸೌದೆ ಕೊಟ್ಟಿಗೆಯ ಮೂಲೆ, ಮಾಡು ಇಳಿಬಿಟ್ಟ ಬಚ್ಚಲಿನ ಬದಿ, ಇವು ಯಾವುವೂ ಇಲ್ಲವಾದರೆ ಗೋಡೆಗೆ ಒರಗಿಸಿ ನಾಲ್ಕು ಕಂಬ ನೆಟ್ಟು ಮೇಲೆ ಹಾಸಿದ ತಗಡು ಶೀಟು, ಯಾವುದಾದರೂ ಆಗುತ್ತದೆ. ಒಂದು ಚಾಪೆಯಷ್ಟು ಅಗಲವಿದ್ದರೆ ಸಾಕು. ಅಲ್ಲಿ ಮಣ್ಣು ಅಥವಾ ಮರಳು ಹರಡಿ, ಮರಿಯ ಮೂತ್ರ ಒರೆಸಿದ ಬಟ್ಟೆಯ ತುಂಡೊಂದನ್ನು ಮೊದಲ ಕೆಲವು ದಿನ ಅಲ್ಲಿಯೇ ಇಡಿ. ಆ ವಾಸನೆಯೇ ಅದನ್ನು ಕರೆಯುತ್ತದೆ. ಎಂಟು ಒಂಬತ್ತು ವಾರಗಳ ಹೊತ್ತಿಗೆ ಮರಿಗಳು ಕಾಲಡಿಗೆ ಎಂಥ ನೆಲ ಸಿಕ್ಕಿದರೆ ಮೂತ್ರ ಮಾಡಬೇಕೆಂಬ ರೂಢಿ ಬೆಳೆಸಿಕೊಳ್ಳತೊಡಗುತ್ತವೆ. ಈಗ ಅದು ನುಣುಪಾದ ಕೆಂಪು ನೆಲಕ್ಕೆ ಒಗ್ಗಿದರೆ ಆಮೇಲೆ ಬಿಡಿಸುವುದು ಕಷ್ಟ, ಮಣ್ಣಿಗೆ ಒಗ್ಗಿದರೆ ಮಳೆ ಹೊಳವಾದ ಮೇಲೆ ತೋಟದ ಯಾವ ಮೂಲೆಯಾದರೂ ಆದೀತು.

ಪ್ರತಿಸಲವೂ ಬೆಲ್ಟು, ಹಗ್ಗ ಹಾಕಿ ಅದೇ ದಾರಿಯಲ್ಲಿ ಅದೇ ಜಾಗಕ್ಕೆ ಕರೆದೊಯ್ದು ಮಾತಾಡದೆ ನಿಲ್ಲಿ. ರಾತ್ರಿ ಹೊತ್ತು ಟಾರ್ಚ್ ಕಡ್ಡಾಯ, ಈ ಕಾಲದಲ್ಲಿ ಸೌದೆಯ ಸಂದಿಯಲ್ಲಿ ಹಾವು ಇರುವ ಸಂಭವ ಹೆಚ್ಚು. ಹೊರಡುವಾಗ ಹೇಳುವ ಮಾತೂ ಒಂದೇ ಇರಲಿ. ಮನೆಯಲ್ಲಿ ತುಳು ಆಡುವವರಾದರೆ ‘ಪೋಯಿ’ ಎಂದೇ ಎಲ್ಲರೂ ಹೇಳಿ. ಮರಿ ಮೂತ್ರ ಮುಗಿಸಿದ ಕ್ಷಣದಲ್ಲಿ, ಅಲ್ಲಿಯೇ, ಕೈಯಲ್ಲಿ ಸಿದ್ಧವಾಗಿಟ್ಟುಕೊಂಡ ತಿನಿಸನ್ನು ಕೊಡಿ. ಬೇಯಿಸಿದ ಕೋಳಿಯ ಚೂರು, ನಿಮ್ಮದು ಸಸ್ಯಾಹಾರದ ಮನೆಯಾದರೆ ಪನೀರಿನ ಚೂರು, ಕಡಲೆಕಾಳಿನಷ್ಟು ಗಾತ್ರ. ಒಳಗೆ ಬಂದ ಮೇಲೆ ಡಬ್ಬಿ ತೆರೆದು ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ನಾನು ಕಂಡ ಮನೆಗಳಲ್ಲಿ ಬಹುಪಾಲು ಸೋಲುವುದು ಈ ಅರ್ಧ ನಿಮಿಷದ ತಡದಲ್ಲಿ. ಹತ್ತು ನಿಮಿಷ ನಿಂತರೂ ಮಾಡದಿದ್ದರೆ ಮರಳಿ ಕರೆತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೆ ಅಥವಾ ಗೂಡಿನಲ್ಲಿ ಹದಿನೈದು ನಿಮಿಷ ಇಟ್ಟುಕೊಂಡು ಮತ್ತೆ ಕರೆದೊಯ್ಯಿರಿ. ಹೊರಗೆ ಏನೂ ಮಾಡದೆ ಒಳಗೆ ಬಂದು ಮಾಡುವ ನಿಮ್ಮ ಮರಿಯ ಅಭ್ಯಾಸ ಬಿಡುವುದು ಹೀಗೆಯೇ.

ಅತ್ತೆಯವರ ನೋವನ್ನು ಹಗುರವಾಗಿ ಕಾಣಬೇಡಿ. ಮಡಿಯಲ್ಲಿ ದೀಪ ಹಚ್ಚಲು ಹೋಗುವವರ ಕಾಲಿಗೆ ಮೂತ್ರ ತಾಗಿದರೆ ಬೇಸರವಾಗದೆ ಇರದು. ದೇವರ ಕೋಣೆಯ ಹಾದಿಗೆ ಮೊಣಕಾಲೆತ್ತರದ ಅಡ್ಡಹಲಗೆಯೊಂದನ್ನು ಇವತ್ತೇ ಹಾಕಿಸಿ. ಸದ್ಯ ಮರಿಗೆ ಚಾವಡಿಯೂ ಪೂರ್ತಿ ಬೇಡ, ಅಡುಗೆಮನೆಯ ಪಕ್ಕದ ಒಂದು ಕೋಣೆ ಸಾಕು. ಹದಿನೈದು ದಿನ ಅಲ್ಲಿ ಒದ್ದೆಯಾಗದಿದ್ದರೆ ಮುಂದಿನ ಕೋಣೆ ತೆರೆಯಲಿ. ಮಲಗಿದ ಜಾಗವನ್ನು ಸಾಧ್ಯವಾದಷ್ಟು ಕೊಳಕು ಮಾಡದಿರುವುದು ನಾಯಿಯ ಹುಟ್ಟುಗುಣವಾದ್ದರಿಂದ, ಯಾರ ಕಣ್ಣೂ ಇಲ್ಲದ ಹೊತ್ತಿಗೆ ಅದು ತಿರುಗಿ ಮಲಗುವಷ್ಟೇ ಅಗಲದ ಗೂಡಿನಲ್ಲಿರಲಿ. ಹಗಲಿಡೀ ಗೂಡಿನಲ್ಲಿ ಕೂಡಿಹಾಕಿದರೆ ಆ ಗುಣವೇ ಸತ್ತುಹೋಗುತ್ತದೆ. ಹೊರಗೆ ಕಟ್ಟುವ ಮಾತಿಗೆ ನಾನು ಒಪ್ಪಲಾರೆ. ಜಗಲಿಯ ಕಂಬಕ್ಕೆ ಕಟ್ಟಿದ ಎರಡು ತಿಂಗಳ ಮರಿ ಎರಚಲಿಗೆ ನೆನೆದು ಕಾಯಿಲೆ ಬೀಳುತ್ತದೆ. ತಾನು ಮಲಗುವಲ್ಲೇ ಮಲಮೂತ್ರ ಮಾಡುವುದು ಅನಿವಾರ್ಯವಾಗಿ ನಾವು ಕಲಿಸಬೇಕೆಂದಿದ್ದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಕಲಿಯುತ್ತದೆ.

ಫಿನೈಲನ್ನು ನಿಲ್ಲಿಸಿ. ಅದು ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ; ಜೊತೆಗೆ ಕರಿ ಫಿನೈಲಿನಲ್ಲಿರುವ ರಾಸಾಯನಿಕಗಳು ಪಾದಕ್ಕೆ ಅಂಟಿ, ನೆಕ್ಕಿದಾಗ ಮರಿಯ ಹೊಟ್ಟೆ ಸೇರುತ್ತವೆ. ಬ್ಲೀಚಿಂಗ್ ಪುಡಿಯ ನೀರನ್ನು ಮೂತ್ರದ ಮೇಲೆ ಸುರಿಯಬಾರದು, ಮೂತ್ರದ ಅಮೋನಿಯಾ ಜೊತೆ ಸೇರಿ ಉಸಿರಿಗೆ ಹಾನಿ ಮಾಡುವ ಅನಿಲ ಏಳುತ್ತದೆ. ವಿನೆಗರ್, ಲಿಂಬೆರಸಗಳನ್ನು ಹಲವರು ಹೇಳುತ್ತಾರೆ. ಆದರೆ ರೆಡ್ ಆಕ್ಸೈಡ್ ನೆಲ ಸಿಮೆಂಟಿನದ್ದು, ಹುಳಿ ತಾಗಿದಲ್ಲಿ ಹೊಳಪು ಹೋಗಿ ಬಿಳಿಚುತ್ತದೆ, ಬಿರುಕುಗಳಲ್ಲಿ ಮೂತ್ರ ಇನ್ನಷ್ಟು ಇಳಿಯುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಕಿಣ್ವ, ಅಂದರೆ ಎಂಜೈಮ್ ಇರುವ ನೆಲ ಶುಚಿಕಾರಕ ಸಿಗುತ್ತದೆ. ಮೊದಲು ಒಣಬಟ್ಟೆಯಿಂದ ಮೂತ್ರವನ್ನು ಒತ್ತಿ ತೆಗೆಯಿರಿ, ಮೇಲೆ ಈ ದ್ರವವನ್ನು ಹಾಕಿ ಹತ್ತು ಹದಿನೈದು ನಿಮಿಷ ಹಸಿಯಾಗಿಯೇ ಬಿಟ್ಟು, ಆಮೇಲೆ ಒರೆಸಿರಿ. ಹಾಕಿದ ಕೂಡಲೇ ಒರೆಸಿದರೆ ಕಿಣ್ವಕ್ಕೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ಹಳೆಯ ಕಲೆ ಎಲ್ಲೆಲ್ಲಿದೆಯೆಂದು ತಿಳಿಯದಿದ್ದರೆ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ರಾತ್ರಿ ದೀಪ ಆರಿಸಿ ನೆಲದ ಮೇಲೆ ಹಾಯಿಸಿ. ಒಣಗಿದ ಮೂತ್ರ ಮಂಕಾದ ಹಳದಿ ಹಸಿರಾಗಿ ಹೊಳೆಯುತ್ತದೆ. ದೇವರ ಕೋಣೆಯ ಹೊಸ್ತಿಲು ಮರದ್ದಾದರೆ ಅದರ ಬುಡವನ್ನು ತಪ್ಪದೆ ನೋಡಿ.

ಊಟವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಗೊತ್ತಾದ ಹೊತ್ತಿಗೇ ಕೊಟ್ಟರೆ ಮಲವಿಸರ್ಜನೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಬರೀ ಕುಚ್ಚಲಕ್ಕಿ ಗಂಜಿ ಕುಡಿಸಿದರೆ ಹೊಟ್ಟೆಗೆ ನೀರೇ ಹೆಚ್ಚು ಹೋಗಿ ಮೂತ್ರವೂ ಹೆಚ್ಚುತ್ತದೆ, ದನದ ಹಾಲಿಗೆ ಅನೇಕ ಮರಿಗಳು ಭೇದಿ ಮಾಡುತ್ತವೆ. ಮೂತ್ರ ಕಡಿಮೆಯಾಗಲೆಂದು ಕುಡಿಯುವ ನೀರನ್ನು ಮಾತ್ರ ತಡೆಯಬೇಡಿ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಮೂರು ತಿಂಗಳ ಗಂಡುಮರಿಗೆ ವೃತ್ತಪತ್ರಿಕೆ ಹಾಸಿ ಕಲಿಸಿದೆವು. ಈಗ ಸೋಫಾ ಮೇಲೆ ಓದಿ ಇಟ್ಟ ಪತ್ರಿಕೆಯ ಮೇಲೂ ಮಾಡುತ್ತದೆ. ಲಸಿಕೆ ಪೂರ್ತಿಯಾಗಿಲ್ಲದ್ದರಿಂದ ಕೆಳಗೆ ಇಳಿಸಲು ಹೆದರಿಕೆ.
— ಓದುಗರು, ಕದ್ರಿ, ಮಂಗಳೂರು

ಉತ್ತರ: ಮರಿ ಕಲಿಸಿದ್ದನ್ನೇ ಮಾಡುತ್ತಿದೆ. ಪತ್ರಿಕೆಯ ಬದಲು ಅಗಲವಾದ ಪ್ಲಾಸ್ಟಿಕ್ ಟ್ರೇಯಲ್ಲಿ ನರ್ಸರಿಯಿಂದ ತಂದ ಹುಲ್ಲಿನ ಹಾಸು ಇಟ್ಟು, ಎರಚಲು ಬೀಳದ ಬಾಲ್ಕನಿಯ ಮೂಲೆಯಲ್ಲಿಡಿ. ಮೊದಲ ಮೂರು ನಾಲ್ಕು ದಿನ ಅದರ ಮೇಲೆ ಪತ್ರಿಕೆಯ ಹಾಳೆ ಹಾಸಿ, ದಿನದಿನವೂ ಹಾಳೆಯನ್ನು ಚಿಕ್ಕದಾಗಿಸುತ್ತ ತೆಗೆದುಬಿಡಿ. ಮುಂದೆ ಕೆಳಗಿಳಿದಾಗ ಹುಲ್ಲು ಕಂಡಲ್ಲಿ ಮಾಡುವ ರೂಢಿಗೆ ಇದು ದಾರಿಯಾಗುತ್ತದೆ.

ಲಸಿಕೆಯ ಬಗ್ಗೆ ನಿಮ್ಮ ಎಚ್ಚರಿಕೆ ಸರಿಯಾದದ್ದು. ಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆರರಿಂದ ಎಂಟು ವಾರಕ್ಕೆ ಆರಂಭಿಸಿ ಹದಿನಾರು ವಾರದವರೆಗೆ ಲಸಿಕೆಯ ಸರಣಿ ನಡೆಯಬೇಕು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಮಳೆಗಾಲವೆಂದರೆ ಇಲಿಜ್ವರದ ಕಾಲವೂ ಹೌದು. ಆ ರೋಗಾಣು ಇಲಿಯ ಮೂತ್ರದಿಂದ ನಿಂತ ನೀರಿಗೆ, ಅಲ್ಲಿಂದ ನಾಯಿಗೆ, ರೋಗ ತಗುಲಿದ ನಾಯಿಯ ಮೂತ್ರದಿಂದ ಮನೆಯವರಿಗೂ ದಾಟಬಲ್ಲದು. ಅದಕ್ಕೂ ಲಸಿಕೆಯಿದೆ, ಎರಡು ಡೋಸ್ ಮತ್ತು ಪ್ರತಿವರ್ಷ ಒಂದು. ನಿಮ್ಮ ವೈದ್ಯರು ಕೊಟ್ಟ ಪುಸ್ತಕದಲ್ಲಿ ಲೆಪ್ಟೊಸ್ಪೈರೋಸಿಸ್ ಎಂದು ಬರೆದಿದೆಯೇ ನೋಡಿ. ಮೂತ್ರ ಒರೆಸುವಾಗ, ಅದರಲ್ಲೂ ಕೈಯಲ್ಲಿ ಗಾಯವಿದ್ದರೆ, ರಬ್ಬರ್ ಕೈಗವಸು ಹಾಕಿಕೊಳ್ಳಿ.

ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಆರಕ್ಕೆ ಬರುವವರೆಗೆ ಮೂರು ತಿಂಗಳ ಮರಿ ತಡೆದುಕೊಳ್ಳುವುದು ಯಾವ ತರಬೇತಿಯಿಂದಲೂ ಆಗದು. ಮಧ್ಯಾಹ್ನ ಒಮ್ಮೆ ಬಂದು ಊಟ ಕೊಟ್ಟು ಟ್ರೇಗೆ ಕರೆದೊಯ್ಯುವ ಒಬ್ಬರನ್ನು ಗೊತ್ತುಮಾಡಿ. ಉಳಿದ ಹೊತ್ತಿಗೆ ಹಾಸಿಗೆ ಒಂದು ತುದಿಗೂ ಟ್ರೇ ಇನ್ನೊಂದು ತುದಿಗೂ ಇರುವಂತೆ ಬೇಲಿ ಕಟ್ಟಿದ ಜಾಗವಿರಲಿ. ನೆರವಿಗೆ ಯಾರೂ ಸಿಗದಿದ್ದರೆ ಕೆಲವು ತಿಂಗಳು ನಿಮ್ಮಲ್ಲೊಬ್ಬರ ಕೆಲಸದ ವೇಳೆ ಬದಲಾಗಬೇಕಾಗುತ್ತದೆ. ಇದನ್ನು ಮರಿ ತರುವ ಮೊದಲೇ ಯೋಚಿಸಬೇಕೆಂದು ಇನ್ನೂ ಮರಿ ತರದ ಓದುಗರಲ್ಲಿ ನನ್ನ ಕಳಕಳಿಯ ವಿನಂತಿ.

ಪ್ರಶ್ನೆ: ನಮ್ಮ ನಾಲ್ಕು ತಿಂಗಳ ಊರುನಾಯಿ ಮರಿ ಎಲ್ಲವನ್ನೂ ಹೊರಗೇ ಮಾಡುತ್ತದೆ. ಆದರೆ ಅಪ್ಪ ಸಂಜೆ ಮನೆಗೆ ಬಂದು ಮಾತಾಡಿಸಿದರೆ ಸಾಕು, ಸಿಟೌಟಿನಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿ ಮೂತ್ರ ಮಾಡಿಕೊಳ್ಳುತ್ತದೆ.
— ವಿದ್ಯಾರ್ಥಿನಿ, ಕಾಪು

ಉತ್ತರ: ಇದು ತರಬೇತಿಯ ಲೋಪವಲ್ಲ. ತನಗಿಂತ ದೊಡ್ಡವರ ಮುಂದೆ ‘ನನ್ನಿಂದ ನಿಮಗೆ ತೊಂದರೆಯಿಲ್ಲ’ ಎಂದು ಮರಿ ಹೇಳಿಕೊಳ್ಳುವ ರೀತಿ ಇದು. ಬೈದರೆ ಇನ್ನೂ ಹೆಚ್ಚು ಮಾಡುತ್ತದೆ. ಅಪ್ಪನವರು ಬಂದ ಕೂಡಲೇ ಮಾತಾಡಿಸದೆ, ನೇರ ದಿಟ್ಟಿಸದೆ ಒಳಗೆ ಹೋಗಲಿ. ಮರಿ ಶಾಂತವಾದ ಮೇಲೆ ಅಂಗಳದಲ್ಲಿ ಓರೆಯಾಗಿ ಕುಕ್ಕರಗಾಲಿನಲ್ಲಿ ಕೂತು, ತಲೆಯ ಮೇಲಿಂದ ಕೈ ತರದೆ ಎದೆಯ ಕೆಳಗೆ ಸವರಲಿ. ಬೆಳೆಯುತ್ತ ಧೈರ್ಯ ಬಂದಂತೆ ಬಹುತೇಕ ಮರಿಗಳು ಇದನ್ನು ತಾವಾಗಿ ಬಿಡುತ್ತವೆ.

ಪ್ರಶ್ನೆ: ಚೆನ್ನಾಗಿ ಕಲಿತಿದ್ದ ಆರು ತಿಂಗಳ ಹೆಣ್ಣುಮರಿ ಒಂದು ವಾರದಿಂದ ಮತ್ತೆ ಮನೆಯೊಳಗೆ ಅಲ್ಲಲ್ಲಿ ಸ್ವಲ್ಪ ಸ್ವಲ್ಪವೇ ಮೂತ್ರ ಮಾಡುತ್ತಿದೆ. ಮತ್ತೆ ಮೊದಲಿನಿಂದ ಕಲಿಸಬೇಕೆ?
— ಓದುಗರು, ಕಾರ್ಕಳ

ಉತ್ತರ: ಕಲಿಸುವ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಕಲಿತ ಮರಿ ದಿಢೀರನೆ ಹೀಗೆ ಮಾಡಿದರೆ, ಅದರಲ್ಲೂ ಹೆಣ್ಣುಮರಿಯಾದರೆ, ಮೂತ್ರನಾಳದ ಸೋಂಕಿನ ಶಂಕೆ ಮೊದಲು ಬರಬೇಕು. ಆರು ತಿಂಗಳಿನ ಸುಮಾರಿಗೆ ಮೊದಲ ಬೆದೆ ಬರುವುದೂ ಇದೆ, ಆಗಲೂ ಮೂತ್ರ ಪದೇ ಪದೇ ಆಗುತ್ತದೆ. ಯೋನಿ ಊದಿದೆಯೇ, ರಕ್ತದ ಕಲೆ ಇದೆಯೇ ಎಂಬುದನ್ನೂ ಗಮನಿಸಿ ವೈದ್ಯರಿಗೆ ತಿಳಿಸಿ. ಬೆಳಗಿನ ಮೊದಲ ಮೂತ್ರವನ್ನು, ಮರಿ ಕೂತಾಗ ಹಿಂದಿನಿಂದ ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಸ್ಟೀಲ್ ಸೌಟನ್ನು ಚಾಚಿ ಹಿಡಿದುಕೊಂಡು, ಔಷಧದ ಅಂಗಡಿಯಲ್ಲಿ ಸಿಗುವ ಮಾದರಿ ಡಬ್ಬಿಗೆ ಹಾಕಿ ಎರಡು ಗಂಟೆಗಳೊಳಗೆ ಪಶು ಆಸ್ಪತ್ರೆಗೆ ಮುಟ್ಟಿಸಿ. ಮುಕ್ಕರಿದರೂ ಹನಿ ಬಾರದಿದ್ದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಬೆಳಗಿನವರೆಗೆ ಕಾಯದೆ ಮರಿಯನ್ನೇ ಕರೆದುಕೊಂಡು ಹೋಗಿ.