ಮರುಭೂಮಿಯ ಬಂಡೆಚಿತ್ರಗಳ ಅರ್ಥ ಬಿಡಿಸುವುದನ್ನು ಕಲಿಯಲು ಕೆಲಸ ಬಿಟ್ಟು ಹೊರಡಬಹುದೇ?

ಸಾಗರದಲ್ಲಿ ಇತಿಹಾಸ ಪಾಠ ಮಾಡುತ್ತಿರುವ ನೀವು, ಸಹಾರಾ ಮತ್ತು ಅರೇಬಿಯಾದ ಬಂಡೆಚಿತ್ರಗಳ ಚಿಹ್ನೆಗಳಿಗೆ ಅರ್ಥ ಹೇಳುವ ಒಳ್ಳೆಯ ಪುಸ್ತಕ ಯಾವುದು, ಅದಕ್ಕಾಗಿ ಕೆಲಸ ಬಿಡಬಹುದೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯ ಬೆನ್ನು ಹತ್ತಿ ನಾನು ಕೈಯಲ್ಲಿದ್ದ ಕೆಲಸ ಬಿಟ್ಟವನು. ಆದ್ದರಿಂದ ನನ್ನ ಕಥೆಯನ್ನೇ ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. ಓದಿದ್ದು ಸಿವಿಲ್ ಡಿಪ್ಲೊಮಾ, ಆಸೆಗೆ ಅಂಚೆ ಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಹೊಟ್ಟೆಪಾಡು ಸೌದಿಯ ಹಾಯಿಲ್ ಪ್ರಾಂತ್ಯದ ರಸ್ತೆ ಕಾಮಗಾರಿಯಲ್ಲಿ, ಸರ್ವೇಯರ್ ಆಗಿ. ಹಾಯಿಲ್ ಪಟ್ಟಣದಿಂದ ವಾಯವ್ಯಕ್ಕೆ, ನಫೂದ್ ಮರಳುಗಾಡಿನ ನಡುವೆ ಜುಬ್ಬಾ ಎಂಬ ಊರಿದೆ. ಪಕ್ಕದಲ್ಲಿ ಉಮ್ ಸಿನ್ಮಾನ್ ಎಂಬ ಮರಳುಗಲ್ಲಿನ ಬೆಟ್ಟ. ಜುಬ್ಬಾ ಮತ್ತು ಅದೇ ಪ್ರಾಂತ್ಯದ ಶುವೈಮಿಸ್, ಎರಡೂ ಕಡೆಯ ಬಂಡೆಚಿತ್ರಗಳನ್ನು ಸೇರಿಸಿ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಬೆಟ್ಟದ ಬುಡದಲ್ಲಿ ಒಂದು ಕಾಲಕ್ಕೆ ಕೆರೆಯಿತ್ತು. ಈಗ ಸುತ್ತ ಎಲ್ಲಿ ನೋಡಿದರೂ ಮರಳು, ಬಂಡೆಯ ಮೇಲೆ ಮಾತ್ರ ಉದ್ದ ಕೊಂಬಿನ ದನಗಳು. ಅವುಗಳ ಆಚೀಚೆ ಒಂಟೆಗಳು, ಬೇಟೆಗಾರರು, ಪ್ರಾಚೀನ ಅರೇಬಿಯಾದ ಲಿಪಿಯ ಸಾಲುಗಳು. ವಾರದ ರಜೆ ಶುಕ್ರವಾರ. ಜೊತೆಯವರು ಬಟ್ಟೆ ಒಗೆದು ಮಲಗುತ್ತಿದ್ದರು, ನಾನು ಸಿಕ್ಕ ವಾಹನ ಹತ್ತಿ ಜುಬ್ಬಾಕ್ಕೆ ಹೊರಡುತ್ತಿದ್ದೆ.

ಈಗ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ.

ಅಲ್ಲಿನ ಚಿತ್ರಗಳು ಬಣ್ಣದವಲ್ಲ, ಕುಟ್ಟಿ ಮಾಡಿದವು. ಮರುಭೂಮಿಯ ಬಂಡೆಯ ಮೈಮೇಲೆ ಮ್ಯಾಂಗನೀಸ್, ಕಬ್ಬಿಣ ಮತ್ತು ಜೇಡಿಯ ತೆಳುವಾದ ಕಪ್ಪು ಪೊರೆ ಕಟ್ಟಿಕೊಂಡಿರುತ್ತದೆ. ಗಟ್ಟಿ ಕಲ್ಲಿನಿಂದ ಕುಟ್ಟಿದರೆ ಪೊರೆ ಹಾರಿ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಸಾವಿರಾರು ವರ್ಷಗಳಲ್ಲಿ ಕುಟ್ಟಿದ ಜಾಗವೂ ಮತ್ತೆ ನಿಧಾನವಾಗಿ ಕಪ್ಪಾಗುತ್ತದೆ. ಹಾಗಾದರೆ ಕಪ್ಪಾಗಿರುವುದು ಹಳೆಯದು, ಬೆಳ್ಳಗಿರುವುದು ಹೊಸದು ಅಲ್ಲವೇ? ಇಷ್ಟು ತಿಳಿದದ್ದೇ ನನಗೆ ಬೀಗದ ಕೈ ಸಿಕ್ಕಷ್ಟು ಖುಷಿಯಾಯಿತು. ಅಂಗಡಿಯಿಂದ ಗೋಡೆ ಪೇಂಟಿನ ಶೇಡ್ ಕಾರ್ಡ್ ತಂದೆ. ಒಂದೊಂದು ಚಿತ್ರದ ಪಕ್ಕ ಹಿಡಿದು ಬಣ್ಣ ಹೊಂದಿಸಿ ಸಂಖ್ಯೆ ಕೊಟ್ಟೆ. ಇಡೀ ಬೆಟ್ಟದ ಚಿತ್ರಗಳನ್ನು ಬಣ್ಣದ ಪ್ರಕಾರ ಐದು ಕಾಲಘಟ್ಟಗಳಾಗಿ ವಿಂಗಡಿಸಿ ಕೋಷ್ಟಕ ಮಾಡಿದೆ. ನಾವು ಸರ್ವೇಯರ್‌ಗಳು, ಕೋಷ್ಟಕ ತುಂಬಿದರೆ ಕೆಲಸ ಮುಗಿದಂತೆ ಎಂದು ನಂಬುವ ಜಾತಿ.

ಆಮೇಲೆ ಅರ್ಥ ಹೇಳಲು ಹೊರಟೆ. ಎರಡನೆಯ ಕಾಲಘಟ್ಟದ ಪಟ್ಟಿಯಲ್ಲಿ ತಲೆಯಿಲ್ಲದ ಹಸುವೊಂದು ಇತ್ತು. ಬರಗಾಲ ಬಂದಿದೆ, ಕೆರೆ ಬತ್ತುತ್ತಿದೆ, ಜನ ಹಸುವನ್ನು ಬಲಿ ಕೊಟ್ಟು ಮಳೆ ಬೇಡಿದ್ದಾರೆ ಎಂದು ಪುಟಗಟ್ಟಲೆ ಬರೆದೆ. ಬರೆಯುವಾಗ ನನಗೇ ಮೈ ಜುಮ್ಮೆಂದಿತ್ತು. ಆ ಪ್ರಬಂಧದ ಬಲದ ಮೇಲೆ ಪಿಎಚ್.ಡಿ. ಪ್ರವೇಶ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಬಂದೆ.

ಸಂದರ್ಶನದಲ್ಲಿದ್ದ ಹಿರಿಯರೊಬ್ಬರು ನನ್ನ ಫೋಟೊಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಎರಡನ್ನು ಹತ್ತಿರ ಜರುಗಿಸಿದರು. ಒಂದರಲ್ಲಿ ತಲೆಯಿಲ್ಲದ ಹಸು, ಕಡುಕಪ್ಪು. ಇನ್ನೊಂದು ನಾಲ್ಕನೆಯ ಕಾಲಘಟ್ಟದ ‘ಬಿಡಿ ತಲೆ, ಕೊಂಬು ಸಹಿತ’, ತಿಳಿ ಕಂದು. ಅಂಚಿಗೆ ಅಂಚು ಕೂಡಿಸಿದರೆ ಕುತ್ತಿಗೆಯ ಗೆರೆ ಕೂದಲೆಳೆಯಷ್ಟೂ ತಪ್ಪದೆ ಸೇರಿತು. “ಹಸುವಿನ ತಲೆ ಸಿಕ್ಕಿತಲ್ಲ” ಎಂದರು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಆದದ್ದು ಇಷ್ಟು. ಬಂಡೆಯಲ್ಲಿ ಒಂದು ಬಿರುಕಿತ್ತು. ಹಸುವಿನ ತಲೆ ಬಿರುಕಿನ ಆಚೆ, ಗಾಳಿ ಮರಳನ್ನು ಎರಚಿ ಉಜ್ಜುವ ಮೈಯಲ್ಲಿತ್ತು. ಅಲ್ಲಿ ಪೊರೆ ಕಟ್ಟಿದಷ್ಟೂ ಸವೆಯುತ್ತದೆ. ಒಡಲು ಈಚೆ, ಗಾಳಿಗೆ ಮರೆಯಾಗಿ, ಎಂದೋ ಬರುವ ಮಳೆಯ ನೀರು ಇಳಿದು ಹೋಗುವ ದಾರಿಯಲ್ಲಿತ್ತು. ಅಲ್ಲಿ ಪೊರೆ ದಪ್ಪವಾಗಿ ಬೆಳೆಯುತ್ತದೆ. ಒಂದೇ ದಿನ ಒಬ್ಬನೇ ಕುಟ್ಟಿದ ಚಿತ್ರಕ್ಕೆ ಎರಡು ಬಣ್ಣ. ಸಾಲದ್ದಕ್ಕೆ ಒಂದು ಫೋಟೊ ಬೆಳಗಿನದು, ಇನ್ನೊಂದು ನೆತ್ತಿ ಬಿಸಿಲಿನದು. ಕ್ಯಾಮೆರಾ ಬೆಳಕನ್ನು ತನ್ನಷ್ಟಕ್ಕೆ ಹೊಂದಿಸಿಕೊಂಡು ವ್ಯತ್ಯಾಸವನ್ನು ಇನ್ನಷ್ಟು ಹಿಗ್ಗಿಸಿತ್ತು. ಇಡೀ ಬಂಡೆ ಕಾಣುವ ದೂರದ ಫೋಟೊ ಒಂದೂ ಇರಲಿಲ್ಲ. ಬಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಬರೆದುಕೊಂಡಿರಲಿಲ್ಲ. ದಿನವಿಡೀ ದಿಕ್ಕು, ಕೋನ, ಮಟ್ಟ ಅಳೆದು ಸಂಬಳ ಎಣಿಸುತ್ತಿದ್ದ ಮನುಷ್ಯ ಶುಕ್ರವಾರ ಮಾತ್ರ ದಿಕ್ಸೂಚಿಯನ್ನು ಕೋಣೆಯಲ್ಲೇ ಬಿಟ್ಟು ಹೋಗುತ್ತಿದ್ದ!

ಮಲೆನಾಡಿನವನಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ? ನಮ್ಮ ಮನೆಯ ಪಡುವಣ ಗೋಡೆ ಒಂದು ಮಳೆಗಾಲಕ್ಕೇ ಪಾಚಿ ಹಿಡಿದು ಕಪ್ಪಾಗುತ್ತದೆಂದು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಮೂಡಣ ಗೋಡೆ ಬೆಳ್ಳಗಿದೆ ಎಂದು ಅದನ್ನು ಹೊಸದಾಗಿ ಕಟ್ಟಿದ್ದು ಎಂದು ಯಾರೂ ಹೇಳುವುದಿಲ್ಲ.

ಪ್ರವೇಶ ಸಿಗಲಿಲ್ಲ. ಮಾರ್ಗದರ್ಶನಕ್ಕೆ ಒಪ್ಪಿದ್ದವರು ಹಿಂದೆ ಸರಿದರು. ಸೌದಿಯ ಕೆಲಸ ಅಷ್ಟರಲ್ಲಿ ಇನ್ನೊಬ್ಬರ ಪಾಲಾಗಿತ್ತು. ಹಾಗಾಗಿ ಕೆಲಸ ಬಿಡಬಹುದೇ ಎಂಬುದಕ್ಕೆ ನನ್ನ ಉತ್ತರ: ಬಿಡಬೇಡಿ. ಸಾಧಕ ಬಾಧಕಗಳನ್ನು ತೂಗಿ ಹೇಳುವವರು ಬೇರೆ ಯಾರಾದರೂ ಸಿಗುತ್ತಾರೆ.

ಇನ್ನು ಪುಸ್ತಕದ ವಿಷಯ. ಚಿಹ್ನೆಗೊಂದು ಅರ್ಥ ಹೇಳುವ ಪುಸ್ತಕ ಕೈಗೆ ಸಿಕ್ಕರೆ ದಯವಿಟ್ಟು ಕೊಳ್ಳಬೇಡಿ. ನಿಮ್ಮ ಪ್ರಶ್ನೆಯ ಈ ಭಾಗವನ್ನೇ ನಾನು ಒಪ್ಪುವುದಿಲ್ಲ. ದೊಡ್ಡವರೇ ಇಲ್ಲಿ ಮುಗ್ಗರಿಸಿದ್ದಾರೆ. ನಮೀಬಿಯಾದ ಬ್ರಾಂಡ್‌ಬರ್ಗ್ ಬೆಟ್ಟದ ಒಂದು ಚಿತ್ರವನ್ನು ನೋಡಿ ಫ್ರಾನ್ಸಿನ ಪುರಾತತ್ವಜ್ಞ ಆಂರಿ ಬ್ರೊಯಿ, ಇದು ಮೆಡಿಟರೇನಿಯನ್ ಮೂಲದ ಬಿಳಿಯ ಹೆಂಗಸು ಎಂದುಬಿಟ್ಟರು. ‘ಬಿಳಿಯ ಮಹಿಳೆ’ ಎಂಬ ಹೆಸರು ಇಂದಿಗೂ ಹೋಗಿಲ್ಲ. ಅದು ಬಿಲ್ಲು ಹಿಡಿದ ಗಂಡಸು, ಮೈಗೆ ಬಿಳಿ ಬಣ್ಣ ಬಳಿದಿದೆ, ಬಿಡಿಸಿದವರು ಆಫ್ರಿಕಾದವರೇ ಎಂಬುದು ಈಗ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮಾತು. ಅಲ್ಜೀರಿಯಾದ ತಸ್ಸಿಲಿಯಲ್ಲಿ 1956–57ರಲ್ಲಿ ಫ್ರಾನ್ಸಿನವರೇ ಆದ ಸಂಶೋಧಕ ಆಂರಿ ಲೋತ್ ಅವರ ತಂಡ ಚಿತ್ರಗಳನ್ನು ನಕಲು ಮಾಡಿತು. ದುಂಡು ತಲೆಯ ದೊಡ್ಡ ಆಕೃತಿಯೊಂದಕ್ಕೆ ಲೋತ್ ‘ಮಂಗಳ ಗ್ರಹದ ಮಹಾದೇವರು’ ಎಂದು ಹೆಸರಿಟ್ಟದ್ದೇ ತಡ, ಅನ್ಯಗ್ರಹದವರ ಕಥೆ ಕಟ್ಟುವವರಿಗೆ ಹಬ್ಬವಾಯಿತು. ಅದಕ್ಕಿಂತ ಹೊಟ್ಟೆ ಉರಿಸುವ ಸಂಗತಿಯೆಂದರೆ, ಬಣ್ಣ ಎದ್ದು ಕಾಣಲೆಂದು ಆ ತಂಡ ಚಿತ್ರಗಳಿಗೆ ನೀರು ಒತ್ತಿ ಒರೆಸಿತು. ಸಾವಿರಾರು ವರ್ಷ ತಾಳಿದ್ದ ಬಣ್ಣ ಅದರಿಂದ ಮಸುಕಾಯಿತು. ಇಂದಿಗೂ ಬಾಟಲಿ ನೀರು ಚಿಮುಕಿಸಿ ಫೋಟೊ ತೆಗೆಯುವವರಿದ್ದಾರೆ. ಬಣ್ಣದ ಚಿತ್ರಗಳಿಗೆ ಜಾನ್ ಹಾರ್ಮನ್ ರೂಪಿಸಿದ ಡಿ-ಸ್ಟ್ರೆಚ್ ಎಂಬ ತಂತ್ರಾಂಶವಿದೆ. ಕಣ್ಣಿಗೆ ಕಾಣದ ಗೆರೆಯನ್ನು ಅದು ಪರದೆಯ ಮೇಲೆ ಎಬ್ಬಿಸಿ ಕೊಡುತ್ತದೆ. ಕಲ್ಲನ್ನು ಮುಟ್ಟುವ ಅಗತ್ಯವೇ ಇಲ್ಲ.

ಅರ್ಥ ಹಾಗಿರಲಿ, ಕಾಲ ಹೇಳುವುದೇ ಎಷ್ಟು ಕಷ್ಟ ನೋಡಿ. ಸೌದಿಯ ಅಲ್-ಜೌಫ್‌ನಲ್ಲಿ ಬಂಡೆಯಿಂದ ಹೊರಚಾಚುವಂತೆ ಕೆತ್ತಿದ, ನಿಜದ ಗಾತ್ರದ ಒಂಟೆಗಳಿವೆ. 2018ರಲ್ಲಿ ಅವುಗಳಿಗೆ ಸುಮಾರು 2,000 ವರ್ಷ ಎಂದಿದ್ದರು. ಜೋರ್ಡಾನಿನ ಪ್ರಾಚೀನ ನಗರ ಪೆಟ್ರಾದ ಕೆತ್ತನೆಗಳ ಹೋಲಿಕೆ ಅದಕ್ಕೆ ಒಂದು ಆಧಾರ. ಉಳಿಯ ಗುರುತು, ಕಲ್ಲಿನ ಸವೆತ, ಹೂತ ಮಣ್ಣಿನ ಕಾಲನಿರ್ಣಯ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ 2021ರ ಅಧ್ಯಯನ 7,000ದಿಂದ 8,000 ವರ್ಷ ಎಂದಿತು. ಇದನ್ನು ಓದಿದ ದಿನ ನನಗೆ ಸ್ವಲ್ಪ ಸಮಾಧಾನವಾಯಿತು ಎಂದರೆ ಸುಳ್ಳಲ್ಲ.

ಅರ್ಥ ತಿಳಿಯಲು ಅದನ್ನು ಹೇಳುವ ಬಾಯಿ ಬೇಕು. ನಿಮ್ಮ ಸಾಗರದ ಸುತ್ತಲೇ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುವ ಹೆಂಗಸರಿದ್ದಾರೆ. ಆ ಚೌಕಗಳಿಗೆ, ಎಳೆಗಳಿಗೆ ಏನೇನು ಹೆಸರು, ಯಾವುದನ್ನು ಎಲ್ಲಿ ಕೂಡಿಸಬೇಕು ಎಂದು ಅವರು ಹೇಳಬಲ್ಲರು. ಅವರನ್ನು ಕೇಳದೆ ಗೋಡೆಯನ್ನಷ್ಟೇ ನೋಡಿದ್ದರೆ ನನ್ನಂಥವನು ‘ಹೊಲದ ನಕ್ಷೆ’ ಎಂದು ಬರೆದುಬಿಡುತ್ತಿದ್ದ. ಮರುಭೂಮಿಯ ಚಿತ್ರಗಳಲ್ಲಿ ಅಂಥ ಬಾಯಿ ಸಿಗುವುದು ಅಪರೂಪ. ದಕ್ಷಿಣ ಆಫ್ರಿಕಾದ ಸಾನ್ ಜನರ ನಂಬಿಕೆ, ಕಥೆಗಳನ್ನು 1870ರ ದಶಕದಲ್ಲಿ ವಿಲ್ಹೆಲ್ಮ್ ಬ್ಲೀಕ್ ಮತ್ತು ಲೂಸಿ ಲಾಯ್ಡ್ ಬರೆದಿಟ್ಟರು. ಆ ಸೀಮೆಯ ಚಿತ್ರಗಳ ಬಗ್ಗೆ ಕೊಂಚ ಧೈರ್ಯವಾಗಿ ಮಾತಾಡಲು ಸಾಧ್ಯವಾಗಿರುವುದು ಅದರಿಂದ. ಜುಬ್ಬಾದ ದನಗಾಹಿಗಳ ಮಾತನ್ನು ಯಾರೂ ಬರೆದಿಟ್ಟಿಲ್ಲ. ಅಲ್ಲಿ ನಾವು ಹೇಳಬಹುದಾದದ್ದು ಯಾವ ಗೆರೆ ಯಾವುದರ ಮೇಲೆ ಹಾದಿದೆ, ಯಾವ ಪ್ರಾಣಿ ಮೊದಲು ಬಂತು, ಆಗ ಹುಲ್ಲು, ನೀರು ಇತ್ತೇ ಎಂಬಷ್ಟು. ಅದು ಕಡಿಮೆಯಲ್ಲ. ದನ ಹೋಗಿ ಒಂಟೆ ಬಂದ ಕ್ರಮದಲ್ಲೇ ಒಂದು ನಾಡು ಒಣಗಿದ ಚರಿತ್ರೆಯಿದೆ.

ಕಲಿಯುವುದಾದರೆ ಹತ್ತಿರದಲ್ಲೇ ಶುರು ಮಾಡಿ. ಹೊಸನಗರ ತಾಲ್ಲೂಕಿನ ಬೈಸೆ ಮತ್ತು ನಿಲಸ್ಕಲ್‌ನಲ್ಲಿ ಬೃಹತ್ ಶಿಲಾಯುಗದ ನಿಲುಗಲ್ಲುಗಳಿವೆ. ಅಯನ ಬದಲಾಗುವ ದಿನಗಳ ಸೂರ್ಯೋದಯ, ಸೂರ್ಯಾಸ್ತದ ದಿಕ್ಕಿಗೆ ಅವು ಹೊಂದುತ್ತವೆ ಎಂದು ಸಂಶೋಧಕರು ವಾದಿಸಿದ್ದಾರೆ. ಚಿತ್ರಗಳಲ್ಲ, ನಿಜ. ಆದರೆ ದಿಕ್ಕು ಬರೆದುಕೊಳ್ಳುವ ಅಭ್ಯಾಸ ಬರುತ್ತದೆ. ಊರಿನವರನ್ನು ಕೇಳಿಕೊಂಡೇ ಹೋಗಿ. ನಂತರ ಚಿತ್ರದುರ್ಗದ ಮೇಲೆ ಬಳ್ಳಾರಿಗೆ ಹೋಗಿ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟ ಹತ್ತಿ. ಕಪ್ಪು ಡೈಕ್ ಬಂಡೆಗಳ (ಬೇರೆ ಕಲ್ಲಿನ ಬಿರುಕಿಗೆ ಶಿಲಾರಸ ನುಗ್ಗಿ ಗಟ್ಟಿಯಾದವು) ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳ ಕುಟ್ಟುಚಿತ್ರಗಳಿವೆ. ನವಶಿಲಾಯುಗದವುಗಳ ಮೇಲೆಯೇ ಆಮೇಲಿನವರೂ ಕುಟ್ಟಿದ್ದಾರೆ. ಬಡಿದರೆ ಗಂಟೆಯಂತೆ ದನಿ ಕೊಡುವ ಕಲ್ಲುಗಳೂ ಅಲ್ಲಿವೆ, ಆದರೆ ನೀವು ಬಡಿಯಬೇಡಿ. ಬೆಳಗಿನ ಓರೆ ಬಿಸಿಲಿಗೆ ತಲುಪುವಂತೆ ಹೊರಡಿ, ನೆತ್ತಿಯ ಬಿಸಿಲಲ್ಲಿ ಕುಟ್ಟಿದ ಗುರುತು ಚಪ್ಪಟೆಯಾಗಿ ಕಾಣುತ್ತದೆ. ಅಳತೆಪಟ್ಟಿ, ದಿಕ್ಸೂಚಿ, ಪುಸ್ತಕ ಇರಲಿ. ಸೀಮೆಸುಣ್ಣ ಬೇಡ. ಮೊದಲು ಇಡೀ ಬಂಡೆಯ ಫೋಟೊ, ಆಮೇಲೆ ಚಿತ್ರದ್ದು. ಒಂದು ಬಂಡೆಯ ಮೇಲಿನ ಚಿತ್ರಗಳ ಹಿಂದು ಮುಂದಿನ ಕ್ರಮವನ್ನು ಕಾರಣ ಸಹಿತ ಬರೆದು ನೋಡಿ. ಬರೆದರೆ ಇಲ್ಲಿಯೇ ಹಾಕಿ, ನಾನು ಖಂಡಿತ ಓದುತ್ತೇನೆ.