ಆಪ್ತಸಲಹೆ ಪ್ರಕರಣ: ‘ಇದೊಂದು ಮುಗಿಯಲಿ, ಆಮೇಲೆ ಸೇವೆ’

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರ ಬದಲಿಸಿದೆ. ಬರೆಯಲು ಅವರ ಒಪ್ಪಿಗೆ ಇದೆ.)

ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆಯವರು. ವಯಸ್ಸು 32. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ, ಕೈಗೆ ಬರುವ ಸಂಬಳ 21,000. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ನಾಲ್ಕು ವರ್ಷದ ಮಗಳಿದ್ದಾಳೆ. ತಾಯಿ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾರೆ. ಮನೆಮಾತು ತೆಲುಗು, ಆರಾಧನೆ ಕನ್ನಡದಲ್ಲಿ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ಚರ್ಚಿನ, ಸದಸ್ಯರು, ಸಂಡೇ ಸ್ಕೂಲ್ ನಡೆಸುತ್ತಾರೆ.

ಬಂದವರು ಹೇಳಿದ್ದು ಇಷ್ಟೇ: “ದೇವರು ಕರೀತಿದಾರೆ ಅಂತ ಗೊತ್ತು ಸಾರ್. ಬಿಡುವು ಆಗ್ತಾ ಇಲ್ಲ.”

ಕರೆ ಎಂದರೆ ಇಲ್ಲಿ, ಕೆಲಸ ಬಿಟ್ಟು ದೇವಶಾಸ್ತ್ರ ಓದಿ ಸಭಾಪಾಲಕರಾಗಿ (ಪಾದ್ರಿಯಾಗಿ) ಸೇವೆ ಮಾಡಬೇಕೆಂಬ ಒಳಗಿನ ಕರೆ. ಆ ಮಾತಿಗೆ ಮೊದಲು ನಿದ್ದೆ, ಊಟ, ಮನಸ್ಸಿನ ಸ್ಥಿತಿ ವಿಚಾರಿಸಿದೆವು. ಇದನ್ನು ಬಿಡಬಾರದು. ಆಜ್ಞೆ ಮಾಡುವ ದನಿ ಕಿವಿಗೆ ಕೇಳಿಸುತ್ತಿದ್ದರೆ, ದಿನಕ್ಕೆ ಎರಡು ಮೂರು ತಾಸು ಮಲಗಿಯೂ ಹುಮ್ಮಸ್ಸು ಉಕ್ಕುತ್ತಿದ್ದರೆ, ‘ನಾನು ಪಾಪಿ, ಸತ್ತರೇ ಮೇಲು’ ಎಂಬ ಯೋಚನೆ ಇದ್ದರೆ ಕರೆಯ ಚರ್ಚೆ ಆಮೇಲೆ. ಅಂಥವರನ್ನು ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿಸಬೇಕು. ಇವರಲ್ಲಿ ಅದೇನೂ ಇರಲಿಲ್ಲ. ನಿದ್ದೆ ಕೆಟ್ಟಿದ್ದು ವಾರಕ್ಕೊಮ್ಮೆ ಬದಲಾಗುವ ಪಾಳಿಯಿಂದ.

ಸಲಹೆಗಾರರು ಎಡವುವುದು ಮುಂದಿನ ಹಂತದಲ್ಲಿ. ಒಂದೊಂದು ನೆಪಕ್ಕೂ ಸತ್ಯವೇದದ (ಬೈಬಲಿನ) ಒಂದೊಂದು ವಾಕ್ಯ ತೆಗೆದು ಓದಿಸುತ್ತಾರೆ. ‘ನಾನು ಚಿಕ್ಕವನು’ ಎಂದು ಇವರು ಹೇಳಿದರೆ, ಅದನ್ನೇ ಹೇಳಿಯೂ ಕರೆ ಪಡೆದ ಯೆರೆಮೀಯನ ಕಥೆ; ‘ನಮ್ಮದು ಬಡ ಮನೆ’ ಎಂದರೆ, ಹಾಗೇ ಹೇಳಿದ ಗಿದ್ಯೋನನ ಕಥೆ. ಎದುರಿನವರು ತಮ್ಮ ನೆಪವನ್ನು ಸಮರ್ಥಿಸಿಕೊಳ್ಳಲೇಬೇಕಾಗುತ್ತದೆ, ಸಮರ್ಥಿಸಿಕೊಂಡಷ್ಟೂ ಅದು ಗಟ್ಟಿಯಾಗುತ್ತದೆ. ಇಲ್ಲಿ ವಾದಕ್ಕೆ ಹೋಗಲಿಲ್ಲ. ಹತ್ತಕ್ಕೆ ಎಷ್ಟು ಸಿದ್ಧರಿದ್ದೀರಿ ಎಂದು ಕೇಳಿದೆವು. “ನಾಲ್ಕು” ಅಂದರು. ಹತ್ತು ಯಾಕಿಲ್ಲ ಎಂದು ಕೇಳಿದ್ದರೆ ನೆಪಗಳೇ ಬರುತ್ತಿದ್ದವು. ಒಂದು ಯಾಕಲ್ಲ, ನಾಲ್ಕು ಯಾಕೆ ಎಂದು ಕೇಳಿದೆವು. ಆಗ ಅವರ ಬಾಯಿಂದಲೇ ಕರೆಯ ಕಾರಣಗಳು ಬಂದವು: ರೋಗಿಗಳ ಮನೆಗೆ ಹೋದಾಗ ಸಿಗುವ ಸಮಾಧಾನ, ಮಕ್ಕಳು ತಾವಾಗಿ ಹುಡುಕಿಕೊಂಡು ಬರುವುದು, ಸಾವಿನ ಮನೆಗೆ ಜನ ಅಯ್ಯನವರಿಗಿಂತ (ಸಭಾಪಾಲಕರಿಗಿಂತ) ಮೊದಲು ಇವರಿಗೇ ಹೇಳಿಕಳಿಸುವುದು.

ಎರಡನೇ ಭೇಟಿಗೆ ಒಂದು ನೋಟ್‌ಬುಕ್ ತರಹೇಳಿದೆವು. ಎಡಪುಟದಲ್ಲಿ ಅಡ್ಡಿ, ಬಲಪುಟದಲ್ಲಿ ಅದು ಮುಗಿಯುವ ತಾರೀಖು ಅಥವಾ ಮೊತ್ತ. ಹಿಂದಿನ ಅಡ್ಡಿಗಳನ್ನೂ ಬರೆಯಬೇಕು. ಅವರು ಬರೆದದ್ದು ಹೀಗಿತ್ತು: ಶೀಟಿನ ಮನೆಗೆ ತಾರಸಿ ಆಗಲಿ, ಆಯಿತು. ತಂಗಿ ಮದುವೆ ಆಗಲಿ, ಆಯಿತು. ಮಗು ಹುಟ್ಟಲಿ, ಹುಟ್ಟಿತು. ಸಾಲ ತೀರಲಿ, ಬಲಪುಟ ಖಾಲಿ. ‘ನನಗೆ ಯೋಗ್ಯತೆ ಇಲ್ಲ’; ಅದರ ಎದುರಿಗೂ ಖಾಲಿ. ಹನ್ನೊಂದು ವರ್ಷದಲ್ಲಿ ಮೂರು ಅಡ್ಡಿ ತೀರಿದ್ದವು, ಒಂದು ಹೆಜ್ಜೆಯೂ ಮುಂದೆ ಬಿದ್ದಿರಲಿಲ್ಲ. ಆ ಪುಟವನ್ನು ಅವರು ಬಹಳ ಹೊತ್ತು ನೋಡುತ್ತ ಕುಳಿತರು. ನಾವು ಏನೂ ಹೇಳಲಿಲ್ಲ.

ಸಾಲ ನೆಪವಲ್ಲ, ನಿಜ. ಒಡವೆ ಅಡವಿಟ್ಟ 1,20,000, ಸಂಘದ ಸಾಲ 45,000. ಆದರೆ ಒಡವೆ ಸಾಲಕ್ಕೆ ವರ್ಷ ವರ್ಷ ಬಡ್ಡಿ ಮಾತ್ರ ಕಟ್ಟಿ ರಿನ್ಯೂವಲ್ ಮಾಡಿಸುತ್ತಿದ್ದರು. ಅಸಲು ಇಳಿಯದಿದ್ದರೆ ಸಾಲವೂ ತೀರದು, ಅದರ ಬೆನ್ನಿಗಿರುವ ನೆಪವೂ ತೀರದು. ಎರಡಕ್ಕೂ ಸೇರಿ ತಿಂಗಳಿಗೆ 9,000 ಕಟ್ಟಿದರೆ ಬಡ್ಡಿಯೂ ಸೇರಿ ಸುಮಾರು 20 ತಿಂಗಳು. ಈಗ ಬಲಪುಟದಲ್ಲಿ ಬರೆಯಲು ಒಂದು ತಾರೀಖು ಸಿಕ್ಕಿತು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕೆಂದು ಲೂಕನ ಸುವಾರ್ತೆ 14:28ರಲ್ಲಿ ಯೇಸುವೇ ಹೇಳಿದ್ದಾರೆ. ಲೆಕ್ಕ ಹಾಕುವುದು ಅವಿಶ್ವಾಸವಲ್ಲ.

‘ಯೋಗ್ಯತೆ ಇಲ್ಲ’ ಎಂಬುದರ ಬೇರು ಮೂರನೇ ಭೇಟಿಯಲ್ಲಿ ಸಿಕ್ಕಿತು. 21ನೇ ವಯಸ್ಸಿನಲ್ಲಿ, ಕರೆಯ ಅರಿವು ಬಂದ ಹೊಸದರಲ್ಲಿ, ಭಾನುವಾರದ ಆರಾಧನೆಯಲ್ಲಿ ಸತ್ಯವೇದದ ವಿಮೋಚನಕಾಂಡ 3ನೇ ಅಧ್ಯಾಯ ಓದಲು ನಿಂತಿದ್ದರು. ‘ಹಾಲೂ ಜೇನೂ’ ಎಂಬುದನ್ನು ‘ಆಲೂ ಜೇನೂ’ ಎಂದರು. ಹಿರಿಯರೊಬ್ಬರು ಕುಳಿತಲ್ಲಿಂದಲೇ ತಿದ್ದಿದರು, ಹಿಂದಿನ ಸಾಲಿನವರು ನಕ್ಕರು. ಅಂದಿನಿಂದ ಪೀಠದ ಹತ್ತಿರ ಹೋಗಿಲ್ಲ. ತಾರಸಿ, ಮದುವೆ, ಮಗು ಎಲ್ಲವೂ ಆ ಒಂದು ಹಕಾರವನ್ನು ಮುಚ್ಚಿಕೊಂಡಿದ್ದವು.

ಅದೇ ಅಧ್ಯಾಯದಿಂದ ಮುಂದಕ್ಕೆ ಓದಿಸಿದೆವು. ತನ್ನ ಜನರನ್ನು ಐಗುಪ್ತದ (ಈಜಿಪ್ಟ್) ದಾಸತ್ವದಿಂದ ಬಿಡಿಸಲು ಹೋಗೆಂದು ದೇವರು ಕರೆದಾಗ ಮೋಶೆ ಐದು ಸಲ ಹಿಂಜರಿಯುತ್ತಾನೆ: ನಾನು ಎಷ್ಟರವನು (3:11), ನಿನ್ನ ಹೆಸರೇನೆಂದು ಹೇಳಲಿ (3:13), ಅವರು ನಂಬದಿದ್ದರೆ (4:1), ನನಗೆ ಮಾತು ಬಾರದು (4:10), ಬೇರೆ ಯಾರನ್ನಾದರೂ ಕಳಿಸು (4:13). ಮೊದಲ ನಾಲ್ಕಕ್ಕೂ ದೇವರು ಉತ್ತರ ಕೊಡುತ್ತಾನೆ. ಸಿಟ್ಟು ಬರುವುದು ಐದನೆಯದಕ್ಕೆ ಮಾತ್ರ, ಯಾಕೆಂದರೆ ಅದು ಪ್ರಶ್ನೆಯಲ್ಲ, ನಿರಾಕರಣೆ. ಆಗಲೂ ನಾಲಿಗೆಯನ್ನು ವಾಸಿಮಾಡಲಿಲ್ಲ, ಅವನ ಪರವಾಗಿ ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ನಿಮ್ಮದು ನಾಲ್ಕನೆಯದೋ ಐದನೆಯದೋ ಎಂದು ಕೇಳಿದೆವು. “ನಾಲ್ಕನೇದೇ ಸಾರ್, ಐದನೇದು ಅಂದ್ಕೊಂಡು ಹೆದರಿದ್ದೆ” ಅಂದರು.

ನಾಲಿಗೆಗೆ ಕೊಟ್ಟ ಅಭ್ಯಾಸ: ದಿನಕ್ಕೆ 10 ನಿಮಿಷ ಲೂಕ 15 ಗಟ್ಟಿಯಾಗಿ ಓದುವುದು, ವಾರಕ್ಕೆರಡು ಸಲ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಕೇಳುವುದು. ಕೇಳಿದಾಗ ಹಕಾರಕ್ಕಿಂತ ದೊಡ್ಡ ತೊಂದರೆ ಗೊತ್ತಾಯಿತು. ಸತ್ಯವೇದದ ಉದ್ದ ವಾಕ್ಯಗಳಲ್ಲಿ ಕ್ರಿಯಾಪದ ಬರುವ ಮೊದಲೇ ಉಸಿರು ಮುಗಿದು, ಕೊನೆ ನುಂಗಿಹೋಗುತ್ತಿತ್ತು. ಉಸಿರು ಎಳೆಯುವ ಕಡೆ ಪೆನ್ಸಿಲಿನಿಂದ ಸಣ್ಣ ಓರೆಗೆರೆ, ಹಕಾರದ ಕೆಳಗೆ ಚುಕ್ಕೆ ಹಾಕಹೇಳಿದೆವು. ಆರು ವಾರದ ಮೇಲೆ ಆ ಪುಟದ ತುಂಬ ಓರೆಗೆರೆಗಳಿದ್ದವು, ಚುಕ್ಕೆಗಳನ್ನು ಬಹಳಷ್ಟು ಅಳಿಸಿದ್ದರು. ಮೊದಲ ಮಾತು ಪೀಠದಿಂದ ಬೇಡ, ಆರೆಂಟು ಮಂದಿಯ ಮನೆ ಪ್ರಾರ್ಥನೆಯಲ್ಲಿ ಐದು ನಿಮಿಷ ಸಾಕು ಎಂದೆವು. ಇನ್ನೊಂದು ಮಾತನ್ನೂ ಸೇರಿಸಿದೆವು: ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯರು ಕಷ್ಟ ಹೇಳಿಕೊಳ್ಳುವುದು ತೆಲುಗಿನಲ್ಲೇ. ಅವರಿಗೆ ಬೇಕಾದ ನಾಲಿಗೆ ಇವರಲ್ಲಿದೆ.

ನಾಲ್ಕನೇ ಭೇಟಿಗೆ ಹೆಂಡತಿಯನ್ನೂ ಕರೆಸಿದೆವು. ಮದುವೆಯಾದವರ ವಿಷಯದಲ್ಲಿ ಇದಿಲ್ಲದೆ ಮುಂದುವರಿಯಕೂಡದು. ಅವರು ಕೇಳಿದ್ದೆಲ್ಲ ನೇರ ಪ್ರಶ್ನೆಗಳು. “ಇವರು ಹಾಸ್ಟೆಲಿನಲ್ಲಿದ್ರೆ ಮನೆಗೆ ದುಡ್ಡು ಎಲ್ಲಿಂದ? ಅತ್ತೆ ಡೇರಿಗೆ ಹೋದಾಗ ಮಗು ಯಾರ ಹತ್ರ? ವರ್ಗ ಆದಾಗಲೆಲ್ಲ ಸ್ಕೂಲು ಬದಲಾಯಿಸ್ಬೇಕಾ?” ಇದನ್ನು ವಿರೋಧವೆಂದು ಗಂಡ ತಿಳಿದಿದ್ದರು. ಅದೇ ನೋಟ್‌ಬುಕ್ಕಿನಲ್ಲಿ ಈ ಮೂರನ್ನೂ ಬರೆಸಿದೆವು. ಮೂರಕ್ಕೂ ಉತ್ತರ ಹುಡುಕಬಹುದು, ಆದರೆ ಇಬ್ಬರೂ ಕೂತು ಹುಡುಕಬೇಕು.

ದಾರಿಯ ವಿವರ ಹೀಗೆ ಕೊಟ್ಟೆವು. ಮೊದಲು ಸಭಾಪಾಲಕರಿಗೆ ಹೇಳಿ, ನಂತರ ಸಭಾ ಸಮಿತಿಗೆ ಪತ್ರ. ಸಭೆಯ ಶಿಫಾರಸು ಕರ್ನಾಟಕ ಸೆಂಟ್ರಲ್ ಡಯಾಸಿಸ್‌ಗೆ (ಈ ಭಾಗದ ಸಿ.ಎಸ್.ಐ. ಸಭೆಗಳ ಆಡಳಿತಕ್ಕೆ) ಹೋಗಬೇಕು, ಸಂದರ್ಶನ ಅಲ್ಲಿ. ಆಯ್ಕೆಯಾದರೆ, ದೇವಶಾಸ್ತ್ರ ಪದವಿ ಕೊಡುವ ಸೆರಾಂಪುರ ಸೆನೆಟಿಗೆ ಸೇರಿದ ಕಾಲೇಜಿನಲ್ಲಿ ಬಿ.ಡಿ. (ಬ್ಯಾಚಲರ್ ಆಫ್ ಡಿವಿನಿಟಿ). ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಇದೆ, ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದೆ. ಕರೆಯನ್ನು ಸಭೆಯೂ ಪರೀಕ್ಷಿಸಿ ಒಪ್ಪಬೇಕು, ಒಬ್ಬರ ಮನಸ್ಸಿಗೆ ಅನ್ನಿಸಿದರೆ ಸಾಲದು. ಸಾಲ ತೀರುವ 20 ತಿಂಗಳು ಸುಮ್ಮನೆ ಕಾಯುವ ಕಾಲವಲ್ಲ. ಸೆನೆಟ್ ದೂರಶಿಕ್ಷಣದಲ್ಲಿ ಕೊಡುವ ಬಿ.ಸಿ.ಎಸ್. (ಬ್ಯಾಚಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಪದವಿಗೆ ನೋಂದಾಯಿಸಿಕೊಂಡರೆ ಕೆಲಸ ಬಿಡದೆ ಓದಬಹುದು, ದೇವಶಾಸ್ತ್ರದ ಓದು ತಮಗೆ ಒಗ್ಗುತ್ತದೆಯೇ ಎಂದು ಮೊದಲೇ ಗೊತ್ತಾಗುತ್ತದೆ.

ಮಾಡಬಾರದ್ದನ್ನೂ ಹೇಳಿದೆವು. ಕೂಟದಲ್ಲಿ ಕಣ್ಣೀರು ಹಾಕಿದ ಮರುದಿನ ರಾಜೀನಾಮೆ ಬೇಡ. ಫೀಸಿಗೆ ಹೊಸ ಸಾಲ ಬೇಡ. ಕಣ್ಣುಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಾಕ್ಯವನ್ನು ಉತ್ತರವೆಂದುಕೊಳ್ಳುವುದು ಬೇಡ.

ಆರನೇ ಭೇಟಿಗೆ ಬಂದಾಗ ಸಿದ್ಧತೆ ಎಷ್ಟೆಂದು ಮತ್ತೆ ಕೇಳಿದೆವು. ಏಳು ಅಂದರು. ಒಡವೆ ಸಾಲದ ಅಸಲಿಗೆ ಮೊದಲ ಕಂತು ಕಟ್ಟಿದ ರಸೀದಿ ನೋಟ್‌ಬುಕ್ಕಿನೊಳಗಿತ್ತು. ಸಭಾಪಾಲಕರಿಗೆ ಹೇಳಿಯಾಗಿದೆ, ಸಮಿತಿಗೆ ಪತ್ರ ಇನ್ನೂ ಕೊಟ್ಟಿಲ್ಲ. ಮುಂದಿನ ಭಾನುವಾರ ಪಾಠ ಓದಲು ಹೆಸರು ಕೊಟ್ಟಿದ್ದಾರೆ. ಭಾಗವನ್ನು ಅವರೇ ಕೇಳಿ ಪಡೆದರು: ವಿಮೋಚನಕಾಂಡ 3, ಒಂದರಿಂದ ಹನ್ನೆರಡನೇ ವಚನದ ತನಕ.