ಓದುಗರ ಪ್ರಶ್ನೆ: ಯುದ್ಧಕಾಲದ ದಿನಚರಿ ಚರಿತ್ರೆಯೇ?

ಪ್ರಶ್ನೆ: ಅಲ್ಜೀರಿಯಾದ ಶಿಕ್ಷಕ ಮುಲೂದ್ ಫೆರಾವೂನ್ ಅವರ ದಿನಚರಿಯನ್ನು ಓದುತ್ತಿದ್ದೇನೆ. ಸ್ವಾತಂತ್ರ್ಯ ಸಮರದ ನಡುವೆ ಅವರು ಸಿಗರೇಟು, ಶಾಲೆ, ಊರಿನ ಮಾತುಕತೆಗಳನ್ನು ಬರೆಯುತ್ತಾರೆ, ಹೋರಾಟಗಾರರನ್ನೂ ಟೀಕಿಸುತ್ತಾರೆ. ಇದನ್ನು ಮಕ್ಕಳಿಗೆ ಚರಿತ್ರೆಯೆಂದು ಪಾಠ ಮಾಡಬಹುದೇ?
– ಇತಿಹಾಸ ಶಿಕ್ಷಕಿ, ಸಕಲೇಶಪುರ

ಉತ್ತರ: ಧಾರಾಳವಾಗಿ ಮಾಡಬಹುದು. ಆ ಸಿಗರೇಟಿನ ವಿಚಾರವನ್ನೇ ನೋಡಿ. ತಂಬಾಕಿನಿಂದ ಫ್ರೆಂಚರ ಬೊಕ್ಕಸ ತುಂಬಬಾರದೆಂದು ಫ್ರೆಂಚ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ವಿಮೋಚನಾ ರಂಗವು ಧೂಮಪಾನವನ್ನು ನಿಷೇಧಿಸಿತ್ತು. ಆಜ್ಞೆ ಮೀರಿದವರ ಮೂಗು ಕೊಯ್ದ ಪ್ರಸಂಗಗಳೂ ನಡೆದವು. ಹೀಗಾಗಿ ಬೀದಿಯಲ್ಲಿ ನಿಂತು ಸಿಗರೇಟು ಹಚ್ಚುವುದೆಂದರೆ ತಾನು ಯಾರ ಕಡೆಯವನೆಂದು ಸಾರಿದಂತಾಗುತ್ತಿತ್ತು. ಶಾಲೆಯ ಪಾಡೂ ಅದೇ. ಫ್ರೆಂಚ್ ಶಾಲೆಗಳನ್ನು ಬಹಿಷ್ಕರಿಸಿ ಎಂದು ಹೋರಾಟಗಾರರು ಅಪ್ಪಣೆ ಮಾಡಿದರೆ, ತೆರೆದಿಡಿ ಎಂದು ಸೈನ್ಯ ಒತ್ತಾಯಿಸುತ್ತಿತ್ತು; ಕಬಿಲಿಯಾ ಬೆಟ್ಟಸೀಮೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಫೆರಾವೂನ್ ಈ ಎರಡರ ನಡುವೆ ಸಿಕ್ಕಿಕೊಂಡಿದ್ದರು. ಅಂಥವರ ಪಾಲಿಗೆ ದಿನನಿತ್ಯದ ಬದುಕು ಬೇರೆ, ಯುದ್ಧ ಬೇರೆ ಆಗಿರಲಿಲ್ಲ.

ಹೋರಾಟಗಾರರ ಟೀಕೆಯನ್ನು ಕಂಡು ನೀವು ಅಳುಕಬೇಕಿಲ್ಲ. ಫ್ರೆಂಚ್ ಸೈನಿಕರ ಚಿತ್ರಹಿಂಸೆಯನ್ನೂ ಹೆಂಗಸರ ಮೇಲಿನ ಅತ್ಯಾಚಾರವನ್ನೂ ದಾಖಲಿಸಿದ ಅದೇ ಲೇಖನಿ, ವಿಮೋಚನೆಯ ಹೆಸರಿನಲ್ಲಿ ತನ್ನವರೇ ತನ್ನವರ ಮೇಲೆ ನಡೆಸಿದ ದೌರ್ಜನ್ಯವನ್ನೂ ಬರೆದಿಟ್ಟಿತು. ಗೆಲುವು ಬಂದ ಮೇಲೆ ಬರೆಯುವ ಆತ್ಮಕಥೆಗಳಲ್ಲಿ ಇಂಥ ಸಂಗತಿಗಳು ಮೆಲ್ಲನೆ ಜಾರಿಹೋಗುತ್ತವೆ. ದಿನಚರಿ ಬರೆಯುವವನಿಗೆ ನಾಳೆ ಏನೆಂಬುದೇ ಗೊತ್ತಿರುವುದಿಲ್ಲ. 1955ರ ನವೆಂಬರಿನಲ್ಲಿ ಆರಂಭವಾದ ಈ ಬರವಣಿಗೆ 1962ರ ಮಾರ್ಚ್ 14ಕ್ಕೆ ನಿಲ್ಲುತ್ತದೆ. ಮರುದಿನ, ಅಲ್ಜೀರಿಯಾದ ಸ್ವಾತಂತ್ರ್ಯವನ್ನು ವಿರೋಧಿಸುತ್ತಿದ್ದ ಫ್ರೆಂಚ್ ಉಗ್ರರ ಗುಪ್ತ ಸೇನೆಯವರು ಅಲ್ಜಿಯರ್ಸ್‌ನಲ್ಲಿ ಅವರನ್ನೂ ಐವರು ಸಹೋದ್ಯೋಗಿಗಳನ್ನೂ ಸಭೆಯಿಂದ ಹೊರಗೆ ಕರೆತಂದು ಗುಂಡಿಟ್ಟು ಕೊಂದರು. ಕದನವಿರಾಮ ಜಾರಿಗೆ ಬಂದದ್ದು 19ರಂದು.

ನಿಮ್ಮ ತಾಲ್ಲೂಕಿನ ಮಕ್ಕಳಿಗೆ ಇದು ದೂರದ ಕಥೆಯೆನ್ನಿಸಿದರೆ, ಬ್ರಿಟಿಷರ ವಿರುದ್ಧ ದಂಗೆಯೆದ್ದ, ನಿಮ್ಮದೇ ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕನ ಪ್ರಸಂಗವನ್ನು ಜೊತೆಗಿಟ್ಟುಕೊಳ್ಳಿ. 1802ರ ಜನವರಿಯಲ್ಲಿ ಬ್ರಿಟಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ನಾಯಕನ ನೆಲೆಯಾದ ಅರೆಕೆರೆಯ ಮೇಲೆ ದಾಳಿ ಮಾಡಿದ. ಮರುತಿಂಗಳು ಸೆರೆಸಿಕ್ಕ ನಾಯಕನನ್ನು ಗಲ್ಲಿಗೇರಿಸಲಾಯಿತು. ಆ ದಂಡಯಾತ್ರೆಯನ್ನು ನಾವು ಹೆಚ್ಚಾಗಿ ತಿಳಿಯುವುದು ವೆಲ್ಲೆಸ್ಲಿಯ ಪತ್ರಗಳಿಂದ. ಕಾಡು ಕಡಿದು ದಾರಿ ಮಾಡುವುದು, ಹಳ್ಳಿಗಳ ರಕ್ಷಣಾ ಬೇಲಿಗಳನ್ನು ಕೆಡವುವುದು, ಜನರ ಆಯುಧಗಳನ್ನು ಕಿತ್ತುಕೊಳ್ಳುವುದು ಅವನ ಚಿಂತೆಗಳು. ಬೇಲಿಯ ಒಳಗಿದ್ದವರು ಆ ದಿನಗಳಲ್ಲಿ ಹೇಗೆ ಉಂಡರು, ಯಾರನ್ನು ನಂಬಿದರು, ಯಾರಿಗೆ ಹೆದರಿದರು ಎಂಬುದನ್ನು ದಂಡನಾಯಕನ ಪತ್ರ ಹೇಳುವುದಿಲ್ಲ. ಫೆರಾವೂನ್ ಬರೆದದ್ದು ಆ ಒಳಗಿನಿಂದ.

ತರಗತಿಯಲ್ಲಿ ಅಂಥ ಒಂದು ಪತ್ರವನ್ನೂ ದಿನಚರಿಯ ಒಂದು ಪುಟವನ್ನೂ ಅಕ್ಕಪಕ್ಕ ಇಟ್ಟು ಓದಿಸಿ. ಲೇಖಕನ ಕೊನೆ ಹೇಗಾಯಿತೆಂಬುದನ್ನು ಮಾತ್ರ ಮೊದಲೇ ಹೇಳಬೇಡಿ.